ಬೀರಪ್ಪ ಕಾಕಾ ಊಟ ಬಿಟ್ಟದ್ದೇಕೆ

ಕೋವಿಡ್ ತಣ್ಣಗಾದ ಮರುವರ್ಷ ನಾನು ಗೋಕಾಕದ ಒಂದು ಉಪಶಾಮಕ ಆರೈಕೆ ತಂಡದಲ್ಲಿ ನರ್ಸ್ ಆಗಿದ್ದೆ. ವಾಸಿಯಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಅವರ ನೋವು, ಸಂಕಟ ಇಳಿಸುವುದು ನಮ್ಮ ಕೆಲಸ. ಮಂಗಳವಾರ ಹುಕ್ಕೇರಿ ತಾಲ್ಲೂಕಿನ ಸರದಿ. ಘೋಡಗೇರಿಯ ಬೀರಪ್ಪ ಕಾಕಾ ನನಗೆ ಸಿಕ್ಕಿದ್ದು ಆಗಲೇ.

ಅರವತ್ತೆಂಟು ವರ್ಷದ ಕುರಿಗಾರ. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿತ್ತು. ಡಾಕ್ಟರು ಮಾರ್ಫಿನ್ ಗುಳಿಗೆ ಶುರು ಮಾಡಿದ ಮೇಲೆ, ಹತ್ತರಲ್ಲಿ ಒಂಬತ್ತು ಎನ್ನುತ್ತಿದ್ದ ನೋವು ಮೂರಕ್ಕೆ ಇಳಿಯಿತು. ನಾನು ಹಿಗ್ಗಿದೆ. ಆದರೆ ಮೂರನೇ ಭೇಟಿಗೆ ಹೋದಾಗ ಮನುಷ್ಯ ಅರ್ಧವಾಗಿದ್ದರು. ಊಟ ಬಿಟ್ಟಿದ್ದರು, ವಾಕರಿಕೆ ಹತ್ತಿತ್ತು, ನಿದ್ದೆ ಇರಲಿಲ್ಲ. ಯಾರೊಡನೆಯೂ ಮಾತಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಹೆಂಡತಿ ಲಗಮವ್ವ ನನ್ನನ್ನು ಬಾಗಿಲಲ್ಲೇ ತಡೆದರು. “ಆ ಗುಳಿಗಿ ಬ್ಯಾಡ್ರಿ ಅಕ್ಕಾರ. ಅವರ ಹಸಿವು ತಿಂದು ಕುಂತೈತಿ ಅದು. ಇವತ್ತಿಂದ ಬಂದ್ ಮಾಡತೀನಿ.” ಆಮೇಲೆ ದನಿ ತಗ್ಗಿಸಿ, “ನಲವತ್ತೈದು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡಾರ. ಈಗ ತಾಟ ದೂಡತಾರ. ನನ್ನ ಮ್ಯಾಲ ಏನ್ ಸಿಟ್ಟೋ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗುಳಿಗೆ ನಿಲ್ಲಿಸಿದರೆ ನೋವು ಮತ್ತೆ ಒಂಬತ್ತಕ್ಕೆ ಏರುತ್ತದೆ. ಹೀಗೇ ಬಿಟ್ಟರೆ ಉಳಿದ ದಿನಗಳೂ ಉಪವಾಸದಲ್ಲೇ ಕಳೆಯುತ್ತವೆ. ಹಿಂದಿನ ಭೇಟಿಗಳ ವಿವರ ಬರೆದ ಹಾಳೆ ತಿರುವಿದೆ. ‘ಮಲಬದ್ಧತೆ: ಇಲ್ಲ’ ಎಂದು ಎರಡು ಸಲ ನಾನೇ ಗುರುತು ಹಾಕಿದ್ದೆ. ಮಾರ್ಫಿನ್ ಕರುಳನ್ನು ಕಟ್ಟುತ್ತದೆ. ಅದಕ್ಕೇ ಜೊತೆಗೆ ಹೊಟ್ಟೆ ಸಡಿಲಿಸುವ ಸಿರಪ್ ಕೊಡುತ್ತೇವೆ. ನಾನು ಕೇಳಿದಾಗ ಕಾಕಾ “ಬರೋಬರಿ ಐತ್ರಿ” ಎಂದು ನೆಲ ನೋಡಿದ್ದರು. ಸೊಸೆಯ ಎದುರಿಗೇ ಕೇಳಿದರೆ ಇನ್ನೇನು ಹೇಳಿಯಾರು! ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ.

ಈ ಸಲ ಹೆಂಗಸರನ್ನು ಚಹಾದ ನೆಪದಲ್ಲಿ ಒಳಗೆ ಕಳಿಸಿ ಮಂಚದ ಪಕ್ಕ ಕುಳಿತೆ.

“ಕಾಕಾ, ಕುರಿ ಮೇವು ಬಿಟ್ರ ನೀವು ಮೊದಲ ಏನ್ ನೋಡತೀರಿ?”

“ಅಷ್ಟೂ ತಿಳೀದಿಲ್ಲೇನವಾ? ಹಿಕ್ಕಿ ಹಾಕೈತೋ ಇಲ್ಲೋ ನೋಡಬೇಕು.”

“ನಿಮ್ಮದು ನೋಡಿ ಎಷ್ಟ್ ದಿನಾ ಆತ್ರಿ?”

ಕಾಕಾ ನಗಲು ಹೋಗಿ ಅತ್ತುಬಿಟ್ಟರು. “ಎಂಟ್ ದಿನಾ ಆತವಾ. ಹೊರಗ ಹೋಗಬೇಕಂದ್ರ ಸೊಸಿ ಹಿಡಕೊಂಡು ಒಯ್ಯಬೇಕು. ತಿಂದ್ರಲ್ಲಾ ಹೋಗೂದು? ಅದಕ್ಕ ತಿನ್ನೂದ ಬಿಟ್ಟೆ.”

ಸಿರಪ್ ಬಾಟಲಿ ತಲೆದಿಂಬಿನ ಕೆಳಗೆ ಸೀಲು ಒಡೆಯದೆ ಇತ್ತು. ಕಟ್ಟಿದ ಕರುಳಿನಿಂದ ವಾಕರಿಕೆ, ಹೊಟ್ಟೆ ಉಬ್ಬರದಿಂದ ನಿದ್ದೆಗೇಡು, ಅದರ ಮೇಲೆ ಮನಸ್ಸಿನ ಕುಗ್ಗು. ಮುಂದುವರಿದ ಕ್ಯಾನ್ಸರ್‌ನಲ್ಲಿ ತೊಂದರೆಗಳು ಹೀಗೆ ಹಿಂಡಾಗಿ ಬರುತ್ತವೆ. ನಾನು ನೋವೊಂದನ್ನೇ ಎಣಿಸುತ್ತ ಕೂತಿದ್ದೆ.

ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಎನಿಮಾ ಕೊಟ್ಟೆ. ಮಗ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ದು, ಕೆಳಗೆ ಬಕೆಟ್ ಇಟ್ಟು, ಸುತ್ತ ಹಳೆಯ ಸೀರೆಯ ಪರದೆ ಕಟ್ಟಿದ. ಊಟ ಬಿಟ್ಟ ಕಾರಣ ಹೆಂಡತಿಗೆ ನೀವೇ ಹೇಳಿ ಎಂದು ಕಾಕಾಗೆ ಅಂದೆ. ಕಾಕಾ ಗೋಡೆ ನೋಡುತ್ತಲೇ, “ನಿನ್ನ ಮ್ಯಾಲ ಸಿಟ್ಟಿಲ್ಲ. ನಾಚಿಕಿ ಆಗಿತ್ತು” ಎಂದರು.

“ನಾಕ ಮಕ್ಕಳ ಹಡದಾಕಿ ಮುಂದ ಎಂಥಾ ನಾಚಿಕಿರಿ ನಿಮ್ಮದು?” ಎಂದು ಲಗಮವ್ವ ಗದರಿದರು. ಗದರುತ್ತಲೇ ಅಳುತ್ತಿದ್ದರು. ಗುಳಿಗೆ ನಿಲ್ಲಲಿಲ್ಲ, ಸಿರಪ್ಪೂ ಶುರುವಾಯಿತು. ಮುಂದಿನ ಮಂಗಳವಾರ ಕಾಕಾ ದಿಂಬಿಗೆ ಒರಗಿ ನುಚ್ಚು ಮಜ್ಜಿಗೆ ಉಣ್ಣುತ್ತಿದ್ದರು. ಆರೇಳು ಚಮಚ, ಅಷ್ಟೇ.

ಅಂದಿನಿಂದ ನೋವಿನ ಅಂಕಿ ಬರೆದುಕೊಂಡೊಡನೆ ನಾನು ಹಾಳೆ ಮುಚ್ಚುವುದಿಲ್ಲ. ರೋಗಿ ಹೇಳಲು ನಾಚುವಂಥದ್ದನ್ನು, ಒಬ್ಬರೇ ಇದ್ದಾಗ, ಅವರ ಮಾತಿನಲ್ಲೇ ಕೇಳುತ್ತೇನೆ.

ಅದಾಗಿ ಏಳು ವಾರಕ್ಕೆ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಲಗಮವ್ವ ನನ್ನ ಕೈ ಹಿಡಿದು ಹೇಳಿದರು: “ಹೋಗೂ ಹಿಂದಿನ ದಿನಾನೂ ನನ್ನ ಕೈಲೆ ಎರಡ ಚಮಚಿ ಉಂಡಾರ್ರಿ ಅಕ್ಕಾರ. ಸಾಕು ಅಂದ್ರು. ಒಲ್ಲೆ ಅನ್ನಲಿಲ್ಲ.”