ನಾಲ್ಕು ಮೂಲೆಯ ತಪ್ಪು

ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಕ್ಕಾರ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು. ನಡೆದರೆ ಗಲಗಲ ಸದ್ದು. ಗಂಟಿನಲ್ಲಿ ಇದ್ದದ್ದು ಚೌಕಾಬಾರ ಆಡಲು ಕಲ್ಲಿಗೆ ತಿಕ್ಕಿದ ಹುಣಸೆಬೀಜ. ಒಂದು ಮೈ ಕಂದು, ಇನ್ನೊಂದು ಬಿಳಿ. ಆ ಸದ್ದು ಕೇಳಿದರೆ ಹುಡುಗರು ಕುಣಿಯುತ್ತಿದ್ದರು, ನನ್ನ ಹೊಟ್ಟೆ ಉರಿಯುತ್ತಿತ್ತು.

ಸುಳ್ಳೇಕೆ ಹೇಳಲಿ? ನವಲಗುಂದ ತಾಲೂಕಿನ ಆ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವನು ನಾನು, ಹೆಚ್ಚು ಓದಿದವನೂ ನಾನೇ. ಆಕೆಯದು ಹಳೆಯ ಕಾಲದ ಬಿ.ಎಸ್ಸಿ. ಆದರೂ ಮಕ್ಕಳು ಏನೇ ಕೇಳುವುದಿದ್ದರೂ ಓಡುತ್ತಿದ್ದದ್ದು ಆಕೆಯ ಬಳಿಗೇ. ಲೆಕ್ಕ ತಪ್ಪಿದವರನ್ನು ಆಕೆ ಬೈದದ್ದೇ ಇಲ್ಲ. “ತಪ್ಪಾಗೂದೇನ ದೊಡ್ಡದಲ್ಲೋ, ಎಲ್ಲಿ ತಪ್ಪೈತಿ ಹುಡುಕು” ಎನ್ನುತ್ತಿದ್ದರು.

ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸರ, ಗಿರ್ಮಿಟ್ ಮಿರ್ಚಿ ಅಂಗಡ್ಯಾಗಿನ ಕ್ಯೂಆರ್ ಕೋಡ್ ಮ್ಯಾಲೆ ಎಣ್ಣಿ ಬಿದ್ದು ಅಲ್ಲಲ್ಲಿ ಕರ್ರಗಾಗೈತಿ. ಆದ್ರೂ ಸ್ಕ್ಯಾನ್ ಹೆಂಗಾಗ್ತೈತ್ರಿ?”

ಸಿಕ್ಕಿತು ಅವಕಾಶ ಎಂದು ಎರಡು ದಿನ ಬೋರ್ಡು ತುಂಬಿಸಿದೆ. ಹಿಂದೆ ಲೆಕ್ಕದ ಯಂತ್ರಗಳು ತಪ್ಪು ಕಂಡರೆ ಸುಮ್ಮನೆ ನಿಂತುಬಿಡುತ್ತಿದ್ದವು. ವಾರದ ರಜೆ ಮುಗಿಸಿ ಬಂದು ಹಾಗೆ ನಿಂತ ಕೆಲಸ ನೋಡಿದ ವಿಜ್ಞಾನಿಯೊಬ್ಬರಿಗೆ ಸಿಟ್ಟು ಬಂತು: ತಪ್ಪಿದೆ ಎಂದು ತಿಳಿಯುವ ಯಂತ್ರಕ್ಕೆ ಅದು ಎಲ್ಲಿದೆ ಎಂದೇಕೆ ತಿಳಿಯಬಾರದು? ತಪ್ಪನ್ನು ಯಂತ್ರವೇ ಹುಡುಕಿ ತಿದ್ದುವ ವಿದ್ಯೆ ಅಲ್ಲಿಂದ ಶುರುವಾಯಿತು; ಅದರಿಂದಲೇ ಮುಂದೆ ಗೆರೆ ಬಿದ್ದ ಸಿಡಿಯೂ ಹಾಡಿತು, ದೂರದ ಗ್ರಹದ ಚಿತ್ರವೂ ನೆಟ್ಟಗೆ ಬಂತು. ಹುಡುಗರು ಆಕಳಿಸಿದರು.

ಮೂರನೆಯ ದಿನ ಇಲಾಖೆಯ ಸಾಹೇಬರು ಬಂದರು. ರಾಜ್ಯಮಟ್ಟದ ವಿಜ್ಞಾನ ಮೇಳಕ್ಕೆ ನಮ್ಮಲ್ಲಿಂದ ಒಬ್ಬ ಶಿಕ್ಷಕರನ್ನು ಆರಿಸುವುದಿತ್ತು. ಆ ಹೆಸರು ನನ್ನದೇ ಆಗಬೇಕೆಂದು ಎರಡು ವರ್ಷದಿಂದ ಕಾದಿದ್ದೆ.

ಅಷ್ಟರಲ್ಲಿ ಕ್ಯೂಆರ್ ಪ್ರಶ್ನೆ ಅಕ್ಕಾರ ಬಳಿಗೂ ಹೋಗಿತ್ತು; ಸಾಹೇಬರ ಎದುರಿಗೇ ಆಕೆ ಜಮಖಾನ ಹಾಸಿ ಗಂಟು ಬಿಚ್ಚಿದರು. ಅದೇ ಹುಡುಗಿ ಮನಸ್ಸಿಗೆ ಬಂದಂತೆ ಐದೈದು ಬೀಜಗಳ ಐದು ಸಾಲು ಇಟ್ಟಳು. ಅಕ್ಕಾರು ಪ್ರತಿ ಅಡ್ಡಸಾಲಿಗೂ ಪ್ರತಿ ಉದ್ದಸಾಲಿಗೂ ಕೊನೆಯಲ್ಲಿ ಒಂದೊಂದು ಬೀಜ ಸೇರಿಸಿದರು, ಎಲ್ಲ ಸಾಲಿನಲ್ಲೂ ಬಿಳಿಯವು ಸರಿಸಂಖ್ಯೆಯಾಗುವಂತೆ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತರು. ಹುಡುಗಿ ಒಂದು ಬೀಜ ಮಗುಚಿಟ್ಟಳು. ಆಕೆ ತಿರುಗಿ, ಲೆಕ್ಕ ಬೆಸವಾದ ಅಡ್ಡಸಾಲೂ ಉದ್ದಸಾಲೂ ಕೂಡುವಲ್ಲಿ ಬೆರಳಿಟ್ಟರು.

“ಇಲ್ಲೇ ನೋಡವಾ, ಎಣ್ಣಿ ಬಿದ್ದಿದ್ದು!”

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರೂ ತಟ್ಟಿದರು. ನನ್ನ ಎರಡು ದಿನದ ಪಾಠ ಎರಡು ನಿಮಿಷದಲ್ಲಿ ಮುಗಿದುಹೋಯಿತು! ತಡೆಯಲಾಗಲಿಲ್ಲ.

“ಅಕ್ಕಾರ, ಈ ಸಲ ನಾ ಮಾಡ್ತೀನ್ರಿ” ಎಂದೆ.

ಆಕೆ ಮತ್ತೆ ಗೋಡೆಗೆ ತಿರುಗಿದಾಗ, ಒಂದು ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ಬೀಜ ಮಗುಚಿದೆ. ಮುಟ್ಟಿದ ಪ್ರತಿ ಸಾಲಿನಲ್ಲೂ ಎರಡೆರಡು ಬದಲಾದ್ದರಿಂದ ಲೆಕ್ಕ ಸರಿಯಾಗಿಯೇ ಉಳಿಯಿತು. ಆಕೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

“ಏನೂ ಬದಲಾಗಿಲ್ಲರಿ.”

“ನಾಕ ಬದಲಾಗ್ಯಾವ್ರಿ” ಎಂದೆ, ಸಾಹೇಬರತ್ತ ನೋಡುತ್ತ. ಮಕ್ಕಳ ಮುಖ ಬಾಡಿತು. ಮೇಳಕ್ಕೆ ನನ್ನ ಹೆಸರು ಹೋಯಿತು.

ಎಲ್ಲರೂ ಹೋದ ಮೇಲೆ ಬೀಜ ಆಯುತ್ತ ಅಕ್ಕಾರು ಮೆಲ್ಲಗೆ ಹೇಳಿದರು: “ಎಣ್ಣಿ, ಧೂಳು ಬಿದ್ದು ಆಗೂ ತಪ್ಪು ಹಿಂಗ ಮೂಲಿ ನೋಡಿ ಬೀಳೂದಿಲ್ಲರಿ ಸರ. ಇದು ಬಲ್ಲವರು ಬೇಕಂತ ಮಾಡಿದ್ದು.” ಗಂಟು ಕಟ್ಟುತ್ತ, “ಇರ್ಲಿ. ಹೋಗಿ ಬರ್ರಿ, ಚಲೋ ಮಾಡ್ರಿ” ಎಂದರು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೇಳದಿಂದ ಮರಳಿದರೆ ನನ್ನ ಕೋಣೆಯ ತುಂಬ ಹುಡುಗರು! ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೂ ಆಕೆಯನ್ನು ಗೆದ್ದೆ ಎಂದು ವರ್ಷಗಟ್ಟಲೆ ಬೀಗಿದೆ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ಶಾಲೆಯಲ್ಲಿ ಸೇರಿದ ಸಭೆಯಲ್ಲಿ ನಾನು ಎದ್ದು ನಿಂತು, ಅವತ್ತು ಹೊಟ್ಟೆಕಿಚ್ಚಿಗೆ ಬೇಕೆಂದೇ ಆಕೆಯನ್ನು ಸೋಲಿಸಿದೆ ಎಂದು ಒಪ್ಪಿಕೊಂಡೆ. ಆ ಹುಡುಗಿ, ಈಗ ನರ್ಸು, ಹೊರಗೆ ನನ್ನ ಬಳಿ ಬಂದಳು.

“ಅಕ್ಕಾರು ನಮಗ ಹಂಗ ಹೇಳಿರಲಿಲ್ಲರಿ ಸರ. ‘ನನ್ನ ಆಟ ಎಲ್ಲಿ ಸೋಲ್ತೈತಿ ಅನ್ನೂದು ಕಂಪ್ಯೂಟರ್ ಸರಗ ಗೊತ್ತೈತಿ. ಅವರು ನನಗಿಂತ ಬಲ್ಲವರು, ಇನ್ನ ಅವರ ಕಡೆ ಹೋಗಿ ಕಲೀರಿ’ ಅಂದಿದ್ರು. ಅದಕ್ಕ ನಾವೆಲ್ಲಾ ನಿಮ್ಮ ಕಡೆ ಬಂದ್ವಿ.”

ನಾನು ಗೆದ್ದುಕೊಂಡೆ ಎಂದುಕೊಂಡಿದ್ದ ಮಕ್ಕಳೆಲ್ಲ ಆಕೆ ಕೊಟ್ಟವರು. ಒಳಗೆ ಹೋಗಿ ಆಕೆಯ ಫೋಟೋಗೆ ಹೂವು ಹಾಕುವಾಗಲೂ, ಅಂಥ ಮನಸ್ಸು ಈಕೆಗೇ ಏಕೆ ಇತ್ತು, ನನಗೇಕೆ ಬರಲಿಲ್ಲ ಎಂದು ಅಸೂಯೆಯೇ ಆಯಿತು.