ಪೂಜೆಗೆ ಕುಳಿತ ಇಪ್ಪತ್ತೆರಡು ಪುಟ

ಗೆಳತಿಯರೇ, ಬೆಳಗಿನ ಜಾವ ಕೆಟ್ಟ ಕನಸು. ಓದದ ಪುಸ್ತಕಗಳೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು, ನಮ್ಮ ಪಾಳಿ ಯಾವಾಗ ಎಂದು ಕೇಳುತ್ತಿದ್ದವು. ಏಳನೇ ತರಗತಿಗೇ ಶಾಲೆ ಬಿಟ್ಟವಳು ನಾನು. ವರ್ಷಕ್ಕೆ ಹನ್ನೆರಡು ಪುಸ್ತಕ ಓದುತ್ತೇನೆಂದು ನಮ್ಮ ಈ ಓದಿನ ಗುಂಪಿನಲ್ಲಿಯೇ ಬರೆದಿದ್ದೆ; ದಸರೆ ಬಂದರೂ ಐದನೆಯದರಲ್ಲೇ ಇದ್ದೇನೆ. ಉಳಿದಿದ್ದು ಇಪ್ಪತ್ತೆರಡು ಪುಟ. ಇವತ್ತು ಮುಗಿಸಲೇಬೇಕೆಂದು ಎದ್ದು ನೋಡಿದರೆ ಪುಸ್ತಕವೇ ಇಲ್ಲ.

ಅತ್ತೆ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕುಡುಗೋಲು, ಕಳೆ ತೆಗೆಯುವ ಕುರ್ಪಿ, ಔಷಧಿ ಹೊಡೆಯುವ ಪಂಪಿನ ಪಕ್ಕದಲ್ಲಿ ನನ್ನ ಪುಸ್ತಕದ ರಾಶಿಯನ್ನೂ ಇಟ್ಟು ಕುಂಕುಮ ಹಚ್ಚಿಬಿಟ್ಟಿದ್ದರು. ನನಗೆ ಬೇಕಾದದ್ದು ಎಲ್ಲಕ್ಕಿಂತ ಕೆಳಗೆ.

"ಅತ್ತಿ, ಅದೊಂದ ತಗೋತೀನ್ರಿ."

"ದಶಮಿಗೆ ಬನ್ನಿ ಮುಡಿಯೂತನಕಾ ಮುಟ್ಟಂಗಿಲ್ಲವ್ವಾ. ಕುಡಗೋಲಿಗೆ ಸೂಟಿ ಐತಿ, ಪುಸ್ತಕಕ್ಕ ಬ್ಯಾಡೇನು?"

"ಓದಲಾರದ್ದನ್ನೆಲ್ಲಾ ಯಾಕ ಇಟ್ರಿ?"

"ಓದಿದ್ದು ನಿನ್ನ ತಲ್ಯಾಗ ಹೋತು. ಅದಕ್ಕ್ಯಾಕ ಪೂಜಿ?"

ನನ್ನ ಮುಖ ನೋಡಿ ಪಾಪ ಅನಿಸಿತೇನೋ, "ಕೈಲೆ ಮುಟ್ಟಬ್ಯಾಡ, ಬಾಯಿಲೆ ಹೇಳು. ಏನೈತಿ ಅದರಾಗ?" ಎಂದರು. ಹೇಳುತ್ತ ಕುಳಿತೆ. ಅಕ್ಷರ ಬಾರದ ಅತ್ತೆ ಹೂರಣ ರುಬ್ಬುವುದನ್ನು ಬಿಟ್ಟು ಕೇಳಿದರು. ಕಥೆಯಲ್ಲಿ ಮನೆ ಬಿಟ್ಟು ಹೋದ ಸೊಸೆ ತಿರುಗಿ ಬಂದು ಬಾಗಿಲು ಬಡಿದಲ್ಲಿಗೆ ನನ್ನ ಓದು ನಿಂತಿತ್ತು.

"ಬಾಗಲಾ ತಗದ್ರೋ ಇಲ್ಲೋ?"

"ಯಾರಿಗ್ಗೊತ್ರಿ. ಅದನ್ನ ನೀವ ಪೂಜಿಗೆ ಇಟ್ಟೀರಿ."

ಆಗಿನಿಂದ ಅತ್ತೆ ಮೂರು ಸಲ ರಾಶಿಯ ಹತ್ತಿರ ಹೋಗಿ ಬಂದಿದ್ದಾರೆ. ಪಂಚಾಂಗ ಇದ್ದವರು ಇನ್ನೊಮ್ಮೆ ನೋಡಿ ಹೇಳಿ, ಬನ್ನಿ ಮುಡಿಯುವುದು ನಾಳೆಯೇ ಹೌದಲ್ಲ? ಅತ್ತೆ ಮಾತ್ರ, "ಇವತ್ತ ಸಂಜಿಕೇ ಇರಬೇಕು, ಸರಿಯಾಗಿ ಕೇಳು" ಅನ್ನುತ್ತಿದ್ದಾರೆ.