ಉಪಗ್ರಹಕ್ಕೆ ಬಟ್ಟೆ ಕತ್ತರಿಸಿದ ಕಟಪಾಡಿಯ ಟೈಲರ್

ಎಂಬತ್ತರ ದಶಕದ ನಡುವೆ ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡ್ರಾಯಿಂಗ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದಕ್ಕಿಂತ ಗದರುತ್ತಿದ್ದೆ ಎಂದರೆ ಸರಿ. ವಿಭಾಗದಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಮೆತ್ತಗಿದ್ದರೆ ತಲೆಯ ಮೇಲೆ ಕೂರುತ್ತಾರೆ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ. ಇಂಥವಳ ಪಾಲಿಗೆ ಬೆಂಗಳೂರಿನ ಉಪಗ್ರಹ ಕೇಂದ್ರದಿಂದ ಒಂದು ಕೆಲಸ ಬಂತು. ಉಪಗ್ರಹದ ರೇಡಿಯೇಟರ್ ಹಲಗೆಯ ಮಾದರಿಯೊಂದನ್ನು ಮಾಡಿ ತೋರಿಸಬೇಕು.

ರೇಡಿಯೇಟರ್ ಎಂದರೆ ಆಗುಂಬೆ ಘಾಟಿಯಲ್ಲಿ ಬಸ್ಸು ನಿಲ್ಲಿಸಿ ನೀರು ಹೊಯ್ಯುವ ವಸ್ತು ಎಂದು ಮನೆಯವರೆಲ್ಲ ತಿಳಿದಿದ್ದರು. ಇದು ಬೇರೆ. ಉಪಗ್ರಹದೊಳಗಿನ ಯಂತ್ರಗಳ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುವ ಚಪ್ಪಟೆ ಹಲಗೆ. ಬಿಸಿಲಿಗೆ ಬಂದಾಗ ಕಾಯುತ್ತದೆ, ಭೂಮಿಯ ನೆರಳಿಗೆ ಹೋದಾಗ ಮಂಜುಗಡ್ಡೆಗಿಂತ ತಣ್ಣಗಾಗುತ್ತದೆ. ಏನೇ ಆದರೂ ಸೊಟ್ಟಗಾಗಬಾರದು. ಸೊಟ್ಟಗಾದರೆ ಅದಕ್ಕೆ ಬಿಗಿದ ಉಪಕರಣಗಳ ಗುರಿಯೂ ತಪ್ಪುತ್ತದೆ. ಅದಕ್ಕೆಂದೇ ಕಾರ್ಬನ್ ನೂಲಿನ ಕಪ್ಪು ಬಟ್ಟೆ, ನೂಲೆಲ್ಲ ಒಂದೇ ದಿಕ್ಕಿಗೆ ಓಡುವಂಥದ್ದು. ಆ ನೂಲು ಬಿಸಿಗೆ ಉದ್ದಕ್ಕೆ ಹಿಗ್ಗುವುದೇ ಇಲ್ಲ ಎನ್ನಬಹುದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಆದ್ದರಿಂದ ಒಂದು ಪದರ ನೇರ, ಒಂದು ಅಡ್ಡ, ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ ಓರೆ ಇಟ್ಟು ಅಂಟಿನಲ್ಲಿ ಬೇಯಿಸಿದರೆ ಒಂದರ ಹಠವನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ನಡುವೆ ಜೇನುಗೂಡಿನಂಥ ಅಲ್ಯೂಮಿನಿಯಂ, ಅದರ ಮೇಲೆ ನಾಲ್ಕು ಪದರ, ಕೆಳಗೆ ನಾಲ್ಕು.

ಹಲಗೆ ಚಪ್ಪಟೆಯಾಗಿ ನಿಂತರೆ ಮುಂದಿನ ದೊಡ್ಡ ಕೆಲಸ ನಮಗೆ, ಸ್ವಂತದ ಒಂದು ಪ್ರಯೋಗಶಾಲೆ ನನಗೆ. ಇಲ್ಲದಿದ್ದರೆ ಮತ್ತೆ ಅದೇ ಡ್ರಾಯಿಂಗ್ ಬೋರ್ಡು. ನನಗೆ ಆ ಪ್ರಯೋಗಶಾಲೆ ಬೇಕೇ ಬೇಕಿತ್ತು. ಬಾಗಿಲಿಗೆ ಯಾವ ಬೀಗ ಎಂದೂ ಯೋಚಿಸಿಟ್ಟಿದ್ದೆ. ಪತ್ರದಲ್ಲಿ ಕೇಳಿದ್ದು ಒಂದಡಿ ಚೌಕದ ಹಲಗೆ. ನಾನು ಜಂಬಕ್ಕೆ ಎರಡಡಿಯದಕ್ಕೇ ಕೈಹಾಕಿದೆ. ಬಟ್ಟೆ ಬಂದದ್ದು ಮಾತ್ರ ಒಂದೇ ಸುರುಳಿ.

ಸಲಕರಣೆಗಳೆಲ್ಲ ಊರಿನವೇ. ಹಲಗೆಯ ಸೊಟ್ಟ ಅಳೆಯಲು ಚೂರೂ ಏರುತಗ್ಗಿಲ್ಲದ ಪೀಠ ಬೇಕಿತ್ತು. ಕಾರ್ಕಳದಲ್ಲಿ ಮೂರ್ತಿ ಕೆತ್ತುವ ಹಿರಿಯರೊಬ್ಬರು ಕರಿಕಲ್ಲಿನ ಚಪ್ಪಡಿಯೊಂದನ್ನು ತಿಂಗಳುಗಟ್ಟಲೆ ಉಜ್ಜಿ ಕೊಟ್ಟರು. ಚಳಿಗೆ ಕಾಪುವಿನಿಂದ ಮೀನಿಗೆ ಹಾಕುವ ಐಸು, ಮೇಲೆ ಉಪ್ಪು. ಮರದ ಹುಡಿ ತುಂಬಿದ ಗೋಣಿಯಲ್ಲಿ ಐಸು ಹೇರಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರಿಗೆ ಸಂಶಯ.

"ಐಸ್ ಉಂಟು, ಮೀನು ಎಲ್ಲಿ ಮಾರಾಯ್ರೆ?"

ಉಳಿದದ್ದು ಬಟ್ಟೆ ಕತ್ತರಿಸುವ ಕೆಲಸ. ನಾನು ಕತ್ತರಿ ಇಟ್ಟರೆ ನೂಲು ಬಿಚ್ಚಿ ಚಾಪೆಯ ಅಂಚಿನಂತಾಗುತ್ತಿತ್ತು. ಆಗ ನೆನಪಾದವರು ಕಟಪಾಡಿ ಪೇಟೆಯ ಟೈಲರ್, ನನ್ನ ರವಿಕೆಗಳನ್ನು ವರ್ಷಗಳಿಂದ ಹೊಲಿಯುತ್ತಿದ್ದವರು. ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹಿರಿಯರು. ನಮ್ಮ ಕಡೆಯ ರೂಢಿಯಂತೆ ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಉಳಿದ ತುಂಡುಗಳನ್ನೆಲ್ಲ ಗಂಟು ಕಟ್ಟಿ ಗಿರಾಕಿಗೆ ಹಿಂದಿರುಗಿಸುವುದು ಅವರ ದೊಡ್ಡ ಹೆಮ್ಮೆ.

ಅವರು ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು.

"ಇದೆಂತ ಟೀಚರ್, ಕೊಡೆಯ ಬಟ್ಟೆಯಾ?"

"ಉಪಗ್ರಹದ್ದು."

"ಹಾಗಾದ್ರೆ ಅಳತೆ ತೆಗಿಲಿಕ್ಕೆ ಯಾರು ಹೋಗುವುದು?"

ನನಗೆ ನಗು ಬಂದರೂ ತೋರಿಸಲಿಲ್ಲ. ಎಂಟು ಕಾಗದದ ಅಚ್ಚುಗಳನ್ನು ಅವರ ಮುಂದಿಟ್ಟೆ. ಪ್ರತಿಯೊಂದರ ಮೇಲೂ ಎಷ್ಟನೆಯ ಪದರ ಎಂಬ ನಂಬರು, ನೂಲು ಯಾವ ಕಡೆ ಓಡಬೇಕೆಂದು ಬಾಣದ ಗುರುತು ಇತ್ತು. ಒಂದು ನೂಲೂ ಹಾಳಾಗಬಾರದು ಎಂದು ಮೂರು ಸಲ ಹೇಳಿದೆ. ಈ ಓರೆ ಯಾಕೆ ಎಂದು ಅವರು ಕೇಳಿದಾಗ, "ಅದೆಲ್ಲ ನಿಮಗೆ ಎಂತಕ್ಕೆ ಪೊರ್ಬುಗಳೇ, ಅಚ್ಚಿನ ಹಾಗೆ ಕತ್ತರಿಸಿ ಸಾಕು" ಎಂದುಬಿಟ್ಟೆ.

ನಾಲ್ಕೇ ದಿನದಲ್ಲಿ ಎಂಟು ತುಂಡುಗಳು ಬಂದವು. ಸೀಮೆಸುಣ್ಣದಲ್ಲಿ ನಂಬರು, ಅಂಚು ಬ್ಲೇಡಿನಲ್ಲಿ ಕೊಯ್ದಂತೆ. ಜೊತೆಗೊಂದು ದಪ್ಪ ಗಂಟು. "ಇಷ್ಟು ಉಳಿಸಿದ್ದೇನೆ!" ಎಂದು ಅವರು ಬೀಗಿದರು, ನಾನೂ ಬೀಗಿದೆ. ಗಂಟನ್ನು ಕಪಾಟಿನಲ್ಲಿಟ್ಟು, ನೂಲಿನ ಓಟವನ್ನೂ ನೋಡದೆ ನಂಬರಿನ ಪ್ರಕಾರ ಪದರಗಳನ್ನು ಇಟ್ಟೆ.

ಹಲಗೆ ಓವನ್ನಿನಲ್ಲಿ ಬೆಂದು ಬಂತು. ಬಿಸಿಯಿದ್ದಾಗ ಕಾರ್ಕಳದ ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಕೂತಿತು. ಐಸಿನಲ್ಲಿಟ್ಟು ತೆಗೆದರೆ ಮೂರು ಮೂಲೆ ಕಲ್ಲಿಗೆ ತಾಗಿವೆ, ನಾಲ್ಕನೆಯದು ಹಪ್ಪಳದಂತೆ ಎದ್ದಿದೆ! ಅಳತೆಯ ಡಯಲಿನ ಮುಳ್ಳು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟಿತ್ತು. ಬೆಂಗಳೂರಿನವರು ಬರಲು ಹತ್ತೇ ದಿನ. ನಾನು ಓವನ್ನನ್ನು ಬೈದೆ, ಅಂಟನ್ನು ಬೈದೆ, ಕಾಪುವಿನ ಐಸನ್ನು ಬೈದೆ, ಪಾಪದ ಕಲ್ಲನ್ನೂ ಬಿಡಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಮೆಲುದನಿಯ ಮನುಷ್ಯ. "ಆಗಲಿಲ್ಲ ಅಂತ ಒಂದು ಕಾಗದ ಬರೆದುಬಿಡುವ ಅಲ್ವಾ?" ಎಂದರು.

ಕಾಗದ ಬರೆಯಲು ಕಪಾಟು ತೆಗೆದಾಗ ಆ ಗಂಟು ಕಣ್ಣಿಗೆ ಬಿತ್ತು. ಓರೆ ಕತ್ತರಿಸಿದರೆ ಬಟ್ಟೆ ಹೆಚ್ಚು ಬೇಕು; ನನ್ನ ಲೆಕ್ಕದಲ್ಲಿ ಉಳಿಯಬೇಕಾದದ್ದು ಮೂಲೆಗಳ ಬೊಗಸೆಯಷ್ಟು ಚಿಂದಿ. ಇದೋ ತಲೆದಿಂಬಿನಷ್ಟಿದೆ. ಎಲ್ಲಿಂದ ಬಂತು?

ಮೊದಲ ಬಸ್ಸಿಗೇ ಕಟಪಾಡಿಗೆ ಹೋದೆ.

"ಹೋ ಅದಾ," ಎಂದು ಪೊರ್ಬುಗಳು ಖುಷಿಯಿಂದಲೇ ವಿವರಿಸಿದರು. "ಮೇಲಿನ ತುಂಡು ಸರಿಯಾಗಿಯೇ ಉಂಟು. ಒಳಗೆ ಹೋಗುವ ಓರೆ ಅಚ್ಚುಗಳನ್ನು ಬಟ್ಟೆಯ ಮೇಲೆ ಒಂಚೂರು ತಿರುಗಿಸಿ ಕೂರಿಸಿದೆ, ಎಷ್ಟು ಬಟ್ಟೆ ಉಳಿಯಿತು ನೋಡಿ! ಕೋಟಿನ ಒಳಬಟ್ಟೆಗೆ ನಾವು ಹಾಗೇ ಮಾಡುವುದು. ಒಳಗಿನದ್ದು ಯಾರು ಕಾಣ್ತಾರೆ?"

ಕೂಗಾಡಲೆಂದೇ ಹೋಗಿದ್ದೆ. ಬಾಯಿ ತೆರೆದಾಗಲೇ ನೆನಪಾಯಿತು. ಒಂದು ನೂಲೂ ಹಾಳಾಗಬಾರದೆಂದು ಮೂರು ಸಲ ಹೇಳಿದವಳು ನಾನು, ಕಾರಣ ಕೇಳಿದವರ ಬಾಯಿ ಮುಚ್ಚಿಸಿದವಳೂ ನಾನು. ನಾಚಿಕೆಯಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು, ಕಾಗದದ ಪಟ್ಟಿಗಳನ್ನು ಓರೆಯಾಗಿ ಅಂಟಿಸಿ, ಒದ್ದೆ ಮಾಡಿ, ಅವು ಹೇಗೆ ತಿರುಚಿಕೊಳ್ಳುತ್ತವೆ ಎಂದು ತೋರಿಸಿದೆ. ಬಿಸಿ, ಚಳಿ, ಭೂಮಿಯ ನೆರಳು, ಎಲ್ಲ ಹೇಳಿದೆ. ರವಿಕೆಗೆ ಅಳತೆ ಕೊಡಲು ಬಂದ ಇಬ್ಬರು ಹೆಂಗಸರೂ ಕುತೂಹಲದಿಂದ ಕೇಳಿಸಿಕೊಂಡರು.

ಪೊರ್ಬುಗಳ ಮುಖ ಬಾಡಿತು. "ಮೊದಲೇ ಹೇಳಿದ್ರೆ ನಾನು ಕೂದಲಷ್ಟೂ ತಿರುಗಿಸ್ತಿರಲಿಲ್ಲ ಟೀಚರ್," ಎಂದರು. ಆಮೇಲೆ ಅವರೇ ಎದ್ದು ಗಂಟು ಬಿಚ್ಚಿ, ತುಂಡುಗಳನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು ಅಳೆದರು. ಎರಡಡಿಗೆ ಸಾಲದು. ಒಂದಡಿಯ ಎಂಟು ತುಂಡಿಗೆ, ಓರೆಯನ್ನು ಓರೆಯಾಗಿಯೇ ಕತ್ತರಿಸಿದರೂ, ಸರಿಯಾಗಿ ಸಾಕು. ಬೆಂಗಳೂರಿನವರು ಕೇಳಿದ್ದೂ ಒಂದಡಿಯದೇ ಅಲ್ಲವೇ!

ಈ ಸಲ ಅವರು ಅಂಗಡಿ ಮುಚ್ಚಿ ಮಣಿಪಾಲಕ್ಕೇ ಬಂದರು. ಒಂದೊಂದು ಪದರ ಇಡುವಾಗಲೂ ಕನ್ನಡಕ ಮೇಲೇರಿಸಿ ನೂಲಿನ ದಾರಿ ನೋಡಿ, ನಾನು ಇಟ್ಟ ಎರಡು ಪದರಗಳನ್ನು ಎತ್ತಿಸಿ ಮತ್ತೆ ಇಡಿಸಿದರು. ನಾನು ಬೈಸಿಕೊಳ್ಳುವುದನ್ನು ನಮ್ಮ ಮುಖ್ಯಸ್ಥರು ಬಾಗಿಲಲ್ಲಿ ನಿಂತು ಸಂತೋಷದಿಂದ ನೋಡಿದರು.

ಬೆಂಗಳೂರಿನಿಂದ ಇಬ್ಬರು ಬಂದ ದಿನ ಪೊರ್ಬುಗಳು ಭಾನುವಾರ ಇಗರ್ಜಿಯ ಪೂಜೆಗೆ ಹೋಗುವ ಬಿಳಿ ಶರ್ಟು ಹಾಕಿಕೊಂಡು ಹಾಜರಾದರು. ಹಲಗೆ ಓವನ್ನಿನಿಂದ ಕಲ್ಲಿಗೆ ಬಂತು, ಕಲ್ಲಿನಿಂದ ಐಸಿಗೆ ಹೋಯಿತು, ಮತ್ತೆ ಕಲ್ಲಿಗೆ. ಎಲ್ಲರೂ ಮುಳ್ಳನ್ನೇ ನೋಡುತ್ತಿದ್ದೆವು. ಮುಳ್ಳು ಇದ್ದಲ್ಲೇ ಇತ್ತು.

ಪೊರ್ಬುಗಳು ಬಗ್ಗಿ ನನ್ನ ಕಿವಿಯ ಹತ್ತಿರ ಬೇಸರದಿಂದ ಪಿಸುಗುಟ್ಟಿದರು. "ಎಂತ ಟೀಚರ್, ಎಂತದೂ ಆಗುವುದೇ ಇಲ್ಲವಲ್ಲ!"

"ಎಂತದೂ ಆಗಬಾರದು ಅಂತಲೇ ಪೊರ್ಬುಗಳೇ ಇಷ್ಟೆಲ್ಲ ಮಾಡಿದ್ದು," ಎಂದೆ.

ಬಂದವರಲ್ಲಿ ಹಿರಿಯರು, ಪದರಗಳನ್ನು ಇಷ್ಟು ಕರಾರುವಾಕ್ಕಾಗಿ ಇಟ್ಟವರು ಯಾರು ಎಂದು ಕೇಳಿದರು. "ಇವರು," ಎಂದೆ. "ನಾನು ಒಮ್ಮೆ ಹಾಳು ಮಾಡಿದ್ದನ್ನು ಇವರು ಸರಿ ಮಾಡಿದ್ದು."

"ಇಲ್ಲ ಸಾರ್, ಹಾಳು ಮಾಡಿದ್ದು ನಾನು!"

"ಅಲ್ಲ, ನಾನು ಸರಿಯಾಗಿ ಹೇಳಲಿಲ್ಲ."

"ಕತ್ತರಿ ಯಾರ ಕೈಯಲ್ಲಿತ್ತು ಟೀಚರ್?"

ಹಾಳಾದ ಹಲಗೆಯೊಂದು ಇದೆ ಎಂಬ ಸಂಗತಿಯೇ ಬಂದವರಿಗೆ ಗೊತ್ತಿರಲಿಲ್ಲ. ಮುಖ್ಯಸ್ಥರು ಜೋರಾಗಿ ಕೆಮ್ಮಿದರು, ತಡವಾಗಿತ್ತು. ಹಿರಿಯರು ಅದನ್ನೂ ತರಿಸಿದರು, ಎದ್ದ ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಒಳಗಿನ ಓರೆ ಎಲ್ಲಿ ತಪ್ಪಿತೆಂದು ನಾವಿಬ್ಬರೂ ಒಂದೂ ಬಿಡದೆ ಹೇಳಿದೆವು. "ಚಪ್ಪಟೆಯಾದದ್ದನ್ನು ಎಲ್ಲರೂ ತೋರಿಸುತ್ತಾರೆ," ಎಂದು ನಕ್ಕರು. "ಯಾಕೆ ಸೊಟ್ಟಗಾಯಿತು ಎಂದು ಇಷ್ಟು ಸರಿಯಾಗಿ ಹೇಳಿದವರು ನೀವೇ ಮೊದಲು. ಮುಂದಿನ ಕೆಲಸವನ್ನು ನೀವಿಬ್ಬರೇ ಮಾಡಿ." ಪೊರ್ಬುಗಳು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಮುಂದಿನದರ ಅಳತೆ ಎಷ್ಟು ಎಂದು ಅಲ್ಲೇ ಕೇಳಲು ಶುರುಮಾಡಿದರು. ನಾನು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.